ಕಿಟಕಿಗೆ ಹಾಕಿದ ಟವೆಲ್

ಫೆಬ್ರವರಿ 3

ಅಕ್ಕನಿಗೆ ನಮಸ್ಕಾರಗಳು.

ಈ ಕೈಬರಹ ಯಾರದೆಂದು ಲಕೋಟೆ ತಿರುಗಿಸಿ ನೋಡಬೇಡ. ನಿನ್ನ ತಮ್ಮನದೇ. ಪೆರೋಲಿನ ಮೇಲೆ ಹೊರಗೆ ಹೋದವನು ಸಮಯಕ್ಕೆ ಮರಳದೆ, ಇನ್ನೊಂದು ಕಳ್ಳತನದಲ್ಲಿ ಸಿಕ್ಕಿಬಿದ್ದು, ಇದ್ದ ಶಿಕ್ಷೆಗೆ ಇನ್ನಷ್ಟು ಸೇರಿಸಿಕೊಂಡ ಮೇಲೆ ನಾನು ನಿನಗೆ ಬರೆದಿಲ್ಲ. ನೀನೂ ಬರೆದಿಲ್ಲ. ಎರಡು ವರ್ಷ ಕಳೆಯಿತು. ಮೊದಲು ಮುನಿಸಿಕೊಂಡವರು ಯಾರು ಎಂಬುದು ನನಗಂತೂ ಮರೆತುಹೋಗಿದೆ.

ಈಗಲೂ ನಾನಾಗಿ ಬರೆಯುತ್ತಿಲ್ಲ, ಬರೆಸುತ್ತಿದ್ದಾರೆ. ಇಲ್ಲಿಗೆ ವಾರಕ್ಕೊಮ್ಮೆ ಒಬ್ಬರು ಮೇಡಂ ಬರುತ್ತಾರೆ. ಕೈದಿಗಳ ಜೊತೆ ಕೂತು ಮಾತಾಡುವುದೇ ಅವರ ಕೆಲಸ. ನಾವು ಇಟ್ಟ ಹೆಸರು ಪ್ರಶ್ನೆಪತ್ರಿಕೆ. "ನಿಮ್ಮ ಮನೆ ಹೇಗಿತ್ತು?" ಎಂದು ಕೇಳಿದರು. "ಬಾಡಿಗೆಯದು" ಎಂದೆ. "ಚಿಕ್ಕಂದಿನಲ್ಲಿ ಏನಾಯ್ತು?" ಎಂದರು. "ಆಮೇಲೆ ದೊಡ್ಡವನಾದೆ" ಎಂದೆ. ಪುಣ್ಯಾತ್ಗಿತ್ತಿ ನಗುವುದೂ ಇಲ್ಲ, ಸಿಟ್ಟಾಗುವುದೂ ಇಲ್ಲ. ಪೆನ್ನಿನ ಮುಚ್ಚಳ ಹಾಕಿ ಸುಮ್ಮನೆ ಕೂತುಬಿಡುತ್ತಾರೆ. ನನಗೆ ಆ ಸುಮ್ಮನೆ ಕೂರುವುದನ್ನು ಸಹಿಸಲಾಗುವುದಿಲ್ಲ. ಲಾಠಿಯೇ ವಾಸಿ.

ಹೋದ ವಾರ ಹೇಳಿದರು: "ಒಂದೇ ಮನೆಯಲ್ಲಿ ಬೆಳೆದ ಇಬ್ಬರಿಗೆ ಎರಡು ಬೇರೆ ಮನೆ ಇರುತ್ತೆ. ನಿಮ್ಮಕ್ಕನ ಮನೆ ಹೇಗಿತ್ತು ಅಂತ ಕೇಳಿ ನೋಡಿ." ಆದ್ದರಿಂದ ಕೇಳುತ್ತಿದ್ದೇನೆ. ನಮ್ಮ ಅಪ್ಪ ಹೇಗಿದ್ದರು, ಅಮ್ಮ ಹೇಗಿದ್ದಳು, ನಾನು ಹೇಗಿದ್ದೆ? ನಾಲ್ಕು ಸಾಲು ಬರೆದರೂ ಸಾಕು. ನನ್ನ ಉತ್ತರ ನೋಡಿ ಅವರಿಗೆ ಸಾಕಾಗಿದೆ.

ಇಲ್ಲಿ ಮರಗೆಲಸದ ಶೆಡ್ಡಿಗೆ ಹಾಕಿದ್ದಾರೆ. ಶಾಲೆಗಳಿಗೆ ಬೆಂಚು ಮಾಡುತ್ತೇವೆ. ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲುತ್ತಿದ್ದವನಿಗೆ ಬೆಂಚು ಮಾಡುವ ಕೆಲಸ. ಯಾರೋ ಲೆಕ್ಕ ಇಟ್ಟಿದ್ದಾರೆ ಕಣೆ.

ಆಗಸ್ಟಿನಲ್ಲಿ ಬಿಡುಗಡೆ. ಎಲ್ಲಿಗೆ ಹೋಗುತ್ತೀಯೆಂದು ಒಂದು ವಿಳಾಸ ಹೇಳಬೇಕಂತೆ. ನಾನು ಏನನ್ನೂ ಕೇಳುತ್ತಿಲ್ಲ. ಸುದ್ದಿ ಹೇಳಿದೆ, ಅಷ್ಟೆ.

ನಮ್ಮ ಹಳೆಯ ಆಟ ನೆನಪಿದೆಯಾ? ನಾನೊಂದು ಸಾಲು, ನೀನೊಂದು ಸಾಲು, ಪ್ರಾಸ ತಪ್ಪಿದವರಿಗೆ ತಲೆಗೊಂದು ಮೊಟಕು. ತಗೋ, ನನ್ನ ಸಾಲು:

ಬಾಗಿಲಾಚೆ ನಿಂತವನಿಗೆ ಬಾನೇ ಮಾಳಿಗೆ...

ಉಳಿದದ್ದು ನಿನ್ನದು. ಭಾವನವರಿಗೆ ನಮಸ್ಕಾರ ತಿಳಿಸು, ತಿಳಿಸುವ ಹಾಗಿದ್ದರೆ.

ನಿನ್ನ ತಮ್ಮ

*

ಫೆಬ್ರವರಿ 26

ತಮ್ಮನಿಗೆ,

ನಿನ್ನ ಕಾಗದ ತಲುಪಿತು. ಇನ್ನು ಮುಂದೆ ಬರೆಯುವುದಾದರೆ ಮನೆಗೆ ಬೇಡ, ಆಸ್ಪತ್ರೆಯ ಲಾಂಡ್ರಿಗೆ ಬರೆ. ಈಗ ನಾನಿಲ್ಲಿ ಮೇಲ್ವಿಚಾರಕಿ. ಬಿ.ಎ. ಓದಿದ್ದಕ್ಕೆ ಬೆಡ್‌ಶೀಟು ಒಗೆಯುವುದು ತಪ್ಪಿತು, ಎಣಿಸುವುದು ತಪ್ಪಲಿಲ್ಲ.

ಅಪ್ಪನ ಬಗ್ಗೆ ಏನು ಬರೆಯಲಿ? ಬಸ್ ಡಿಪೋದ ಟೈರ್ ವಿಭಾಗದಲ್ಲಿದ್ದರು. ದಿನಾ ಕೆಲಸಕ್ಕೆ ಹೋಗುತ್ತಿದ್ದರು, ದಿನಾ ಮನೆಗೆ ಬರುತ್ತಿದ್ದರು. ಕುಡಿಯುತ್ತಿರಲಿಲ್ಲ. ಕುಡಿಯುವವರಾಗಿದ್ದರೆ ಬೇರೆಯವರಿಗೆ ಹೇಳಲು ಒಂದು ಕಾರಣವಾದರೂ ಇರುತ್ತಿತ್ತು. ಸತ್ತಾಗ ಡಿಪೋದವರೆಲ್ಲ ಬಂದು ಒಳ್ಳೆಯ ಮನುಷ್ಯ ಎಂದರು. ಡಿಪೋದಲ್ಲಿ ಒಳ್ಳೆಯವರೇ ಇದ್ದಿರಬೇಕು. ನಿನ್ನ ಮೇಡಂಗೆ ಇಷ್ಟು ಸಾಕು.

ಅದೇ ಮನೆಯಲ್ಲಿ ನಾನೂ ಬೆಳೆದೆ. ನಾನು ಯಾರ ಬೀಗವನ್ನೂ ಮುರಿಯಲಿಲ್ಲ. ನಿಮ್ಮ ಭಾವನವರು ಆಗಾಗ ಹೇಳುತ್ತಾರೆ: "ಒಂದೇ ಮನೆ, ಒಂದೇ ತಟ್ಟೆ. ಒಬ್ಬಳು ಬಿ.ಎ., ಒಬ್ಬ ಜೈಲು. ಮನಸ್ಸು ಮಾಡಿದ್ರೆ ಅವನೂ ನೆಟ್ಟಗಿರಬಹುದಿತ್ತು ಅಲ್ವೇನೇ?" ಅವರು ಕರೆಂಟ್ ಮೀಟರ್ ಓದುವವರು. ಮುಳ್ಳು ಎಲ್ಲಿ ನಿಂತಿದೆಯೋ ಅಷ್ಟನ್ನು ಬರೆದುಕೊಳ್ಳುತ್ತಾರೆ. ನಾನು ಪಾತ್ರೆ ತೊಳೆಯುತ್ತೇನೆ.

ನೀನು ಕೊನೆಗೆ ಹೊಕ್ಕ ಮನೆಯಲ್ಲಿ ಒಬ್ಬ ಮುದುಕಿ ಎಚ್ಚರಗೊಂಡಳು, ನೀನು ಅವಳನ್ನು ತಳ್ಳಿ ಓಡಿದೆ, ಅವಳ ಸೊಂಟ ಮುರಿಯಿತು. ನಿನ್ನ ಕಾಗದದಲ್ಲಿ ಆ ಮುದುಕಿ ಇಲ್ಲ. ಬೆಂಚು ಇದೆ, ಮೇಡಂ ಇದ್ದಾರೆ, ಪ್ರಾಸ ಇದೆ. ಸೊಂಟ ಮುರಿದು ಮಲಗಿದವರ ಬೆಡ್‌ಶೀಟು ಹೇಗಿರುತ್ತದೆಂದು ನನಗೆ ಗೊತ್ತು. ನಿನಗೂ ಗೊತ್ತಿರಲಿ ಎಂದು ಬರೆದೆ.

ಪೆರೋಲ್ ಸಿಕ್ಕಾಗ ನೀನು ನಮ್ಮ ಮನೆಗೆ ಬರುತ್ತೇನೆಂದು ಬರೆದಿದ್ದೆ. ಆ ದಿನ ನಾನು... ಹೋಗಲಿ ಬಿಡು.

ಪ್ರಾಸಕ್ಕೆ ನನಗೆ ಪುರುಸೊತ್ತಿಲ್ಲ.

ಅಕ್ಕ

*

ಮಾರ್ಚ್ 15

ಅಕ್ಕನಿಗೆ ನಮಸ್ಕಾರಗಳು.

ನಿನ್ನ ಕಾಗದವನ್ನು ಪ್ರಶ್ನೆಪತ್ರಿಕೆಗೆ ಓದಿ ಹೇಳಿದೆ. ಮುದುಕಿಯ ಸಾಲುಗಳನ್ನು ಬಿಟ್ಟು ಓದಿದ್ದೆ. ಅವರು ಕಾಗದ ಕೈಗೆ ತಗೊಂಡು, ನಾನು ಬಿಟ್ಟ ಸಾಲುಗಳನ್ನೇ ಓದಿ, "ಕಾರಣ ಬೇರೆ, ನೆಪ ಬೇರೆ. ನಾನಿಲ್ಲಿ ನೆಪ ಹುಡುಕಿಕೊಡೋಕೆ ಬಂದಿಲ್ಲ" ಎಂದರು. ಆ ಮುದುಕಿಯ ಬಗ್ಗೆ ನಾನು ಏನೂ ಬರೆಯಲಿಲ್ಲ, ನಿಜ. ಬರೆಯಲು ಏನಿದೆ ಅಕ್ಕ? ಅವಳು "ಯಾರಪ್ಪಾ ಅದು?" ಎಂದಳು. ಕಳ್ಳ ಎಂದು ಕೂಗಲಿಲ್ಲ. ಮನೆಯ ಹುಡುಗ ತಡವಾಗಿ ಬಂದ ಹಾಗೆ, "ಯಾರಪ್ಪಾ?" ಎಂದಳು. ಅದು ಕಿವಿಯಲ್ಲಿ ಇದೆ.

ನಿನ್ನ ನಾಲ್ಕು ಸಾಲು ಮೇಡಂಗೆ ಸಾಕಾಗಲಿಲ್ಲ. ಆಮೇಲೆ ನಾನೇ ಒಂದಿಷ್ಟು ಹೇಳಿದೆ. ನೀನು ಒಳಗಿದ್ದವಳು, ನಿನಗೆ ಹೊರಗಿನದು ಗೊತ್ತಿರಲಿಕ್ಕಿಲ್ಲ. ಅದಕ್ಕೇ ನಿನಗೂ ಬರೆಯುತ್ತಿದ್ದೇನೆ.

ಸಂಜೆ ಆಟ ಮುಗಿಸಿ ನಮ್ಮ ಬೀದಿಗೆ ತಿರುಗಿದರೆ ಮೊದಲು ಕಾಣುತ್ತಿದ್ದುದು ನಮ್ಮ ಮನೆಯ ಕಿಟಕಿ. ಅದರ ಸರಳಿಗೆ ಅಪ್ಪನ ನೀಲಿ ಪಟ್ಟೆಯ ಟವೆಲ್ ಹಾಕಿದ್ದರೆ ಒಳಗೆ ಹೋಗುವ ಹಾಗಿಲ್ಲ. ಅಮ್ಮ ಅದನ್ನು ಬಾಯಿಬಿಟ್ಟು ಹೇಳಿದ್ದು ಒಂದೇ ಸಲ: "ಟವೆಲ್ ಇದ್ರೆ ಬರಬೇಡಿ ಮಕ್ಕಳಾ. ತೆಗೆದ ಮೇಲೆ ಬನ್ನಿ. ಅಷ್ಟೊತ್ತಿಗೆ ಅಪ್ಪ ಸರಿಹೋಗಿರ್ತಾರೆ." ಪ್ರಶ್ನೆಪತ್ರಿಕೆ ಮೊದಲ ಸಲ ಪೆನ್ನು ಕೆಳಗಿಟ್ಟರು. "ಟವೆಲ್ಲಾ?" ಎಂದರು. "ಹೌದು ಮೇಡಂ. ಬೇರೆಯವರ ಮನೆಗೆ ನಾಯಿ ಇದೆ ಎಚ್ಚರಿಕೆ ಅಂತ ಬೋರ್ಡು. ನಮ್ಮದಕ್ಕೆ ಟವೆಲ್" ಎಂದೆ.

ಟವೆಲ್ ಇದ್ದ ದಿನ ನಾನು ಬೀದಿಯ ಕೊನೆಗೆ ಹೋಗುತ್ತಿದ್ದೆ. ಅಲ್ಲಿ ಗುಜರಿ ಅಂಗಡಿ. ಅಂಗಡಿಯವನನ್ನು ಎಲ್ಲರೂ ಗುಜರಿ ಮಾವ ಎನ್ನುತ್ತಿದ್ದರು. ಅಲ್ಲಿ ಒಂದು ಬಲ್ಬು, ಕೂರಲು ಹಳೆಯ ಬಸ್ಸಿನ ಸೀಟು. "ಹಸಿವಾ?" ಎಂದು ಕೇಳಿ ಟೀ, ಬನ್ನು ತರಿಸಿಕೊಡುತ್ತಿದ್ದ. ಹಿತ್ತಾಳೆ ಯಾವುದು, ತಾಮ್ರ ಯಾವುದು, ಬರೀ ಬಣ್ಣ ಬಳಿದದ್ದು ಯಾವುದು ಎಂದು ಹೇಳಿಕೊಟ್ಟ. ಸಣಕಲು ಇದ್ದೆನಲ್ಲ, ಸೊಳ್ಳೆ ಎಂದು ಹೆಸರಿಟ್ಟ. ಶಾಲೆಯಲ್ಲಿ ನನಗೆ ಬಂದ ಬೈಗುಳಗಳಿಗಿಂತ ಆ ಹೆಸರೇ ಚೆನ್ನಾಗಿತ್ತು.

ಒಂದು ದಿನ ಟವೆಲ್ ತೆಗೆಯಲೇ ಇಲ್ಲ. ಬೀದಿಯ ಬಾಗಿಲುಗಳೆಲ್ಲ ಮುಚ್ಚಿದವು, ದೀಪಗಳು ಆರಿದವು, ಟವೆಲ್ ಹಾಗೇ ಇತ್ತು. ಅಮ್ಮ ಮರೆತುಬಿಟ್ಟಳು. ಅಪ್ಪನ ಏಟು ನನಗೆ ಅಷ್ಟಾಗಿ ನೆನಪಿಲ್ಲ ಅಕ್ಕ, ಅದು ನೆನಪಿದೆ. ಅಮ್ಮನಿಗೂ ನಾನು ಮರೆತುಹೋದೆನಲ್ಲ ಎಂಬುದು. ಆ ದಿನ ಗುಜರಿ ಮಾವನ ಪೇಪರ್ ಕಟ್ಟುಗಳ ಮೇಲೆ ಮಲಗಿದೆ. ಬೆಳಗಾಗುವ ಮುಂಚೆ ಅವನೇ ಎಬ್ಬಿಸಿ, ಯಾವುದೋ ಗೋದಾಮಿನ ಹಿಂದೆ ಕರೆದುಕೊಂಡು ಹೋಗಿ, ಗೋಡೆಯ ಮೇಲಿದ್ದ ಗಾಳಿಕಿಂಡಿ ತೋರಿಸಿ, "ಒಳಗೆ ಹೋಗು ಮಗಾ" ಎಂದ.

ಮೇಡಂಗೆ ಇದನ್ನು ಹೇಳುವಾಗ ನಗು ಬಂತು. ನನ್ನ ಜನ್ಮದಲ್ಲಿ ನನಗೆ "ಒಳಗೆ ಹೋಗು" ಎಂದ ಮೊದಲನೆಯವನು ಅವನೇ. ಅದೂ ಬೇರೆಯವರ ಗೋದಾಮಿನೊಳಕ್ಕೆ.

ಅವನಿನ್ನೂ ಇದ್ದಾನೆ. ಯಾರ ಕೈಲೋ ಹೇಳಿ ಕಳಿಸಿದ್ದಾನೆ, ಒಂದು ಕೋಣೆ ಖಾಲಿ ಇಟ್ಟಿದ್ದೇನೆ ಎಂದು. ಬಿಡುಗಡೆಯ ದಿನ ಗಾಡಿಯನ್ನೂ ಕಳಿಸುತ್ತಾನಂತೆ.

ತಮ್ಮ

*

ಏಪ್ರಿಲ್ 2

ತಮ್ಮನಿಗೆ,

ನಾನು ಒಳಗಿದ್ದೆ ಎಂದು ನಿನಗೆ ಹೇಳಿದವರಾರು?

ಇಷ್ಟು ವರ್ಷ ಅದನ್ನೇ ನಂಬಿಕೊಂಡು ಬಂದೆಯಾ? ಟವೆಲ್ ಬರೀ ನಿನಗೊಬ್ಬನಿಗಾ? ನಾನು ಎದುರು ಮನೆಯ ಮಹಡಿಯ ಮೇಲಿದ್ದೆ, ಹೊಲಿಗೆ ಅತ್ತೆಯ ಕೋಣೆಯಲ್ಲಿ. ನೀನು ನೋಡದಿರಲಿ ಎಂದು ಅವರು ನನ್ನನ್ನು ಹಿಂದಿನ ಮೆಟ್ಟಿಲಿನಿಂದ ಹತ್ತಿಸುತ್ತಿದ್ದರು. ಒಂದು ದಿನ ನಾನೇ ಕೇಳಿದೆ: "ತಮ್ಮನನ್ನೂ ಕರೀಲಾ ಅತ್ತೆ?" ಅವರು ಬಾಯಲ್ಲಿ ಕಚ್ಚಿದ್ದ ಗುಂಡುಪಿನ್ನು ತೆಗೆಯದೆಯೇ ಹೇಳಿದರು: "ಹೆಣ್ಣುಮಗು ಬೀದೀಲಿ ನಿಲ್ಲಬಾರದು ಕಣೇ. ಅವನು ಗಂಡು. ಅವನಿಗೇನಾಗುತ್ತೆ?"

ಕೆಟ್ಟ ಹೆಂಗಸಲ್ಲ. ಅವರ ಮನೆಯಲ್ಲೂ ಹೆಣ್ಣುಮಕ್ಕಳಿದ್ದರು, ಇದ್ದದ್ದು ಒಂದೇ ಕೋಣೆ. ಅವರ ಹೊಲಿಗೆ ಯಂತ್ರದ ದೀಪದಲ್ಲೇ ನಾನು ಓದಿದ್ದು. ಬಟ್ಟೆಯ ಅಳತೆಗೆಂದು ಕತ್ತರಿಸಿದ ಹಳೆಯ ವಾರಪತ್ರಿಕೆಗಳಲ್ಲಿ ಅರ್ಧ ಕವನ ಸಿಗುತ್ತಿತ್ತು, ಉಳಿದರ್ಧ ಯಾರದೋ ತೋಳಿನ ಆಕಾರದಲ್ಲಿ ಕತ್ತರಿಸಿ ಹೋಗಿರುತ್ತಿತ್ತು. ಆ ಉಳಿದರ್ಧವನ್ನು ನಾನೇ ಕಟ್ಟುತ್ತಿದ್ದೆ. ಪ್ರಾಸ ಬಂದದ್ದು ಹಾಗೆ. ನಿನಗೆ ಕಲಿಸಿದ್ದೂ ಅದನ್ನೇ.

ಅಲ್ಲಿಂದ ನೀನು ಕಾಣುತ್ತಿದ್ದೆ. ಕೈ ಬೀಸಿಕೊಂಡು ಗುಜರಿ ಅಂಗಡಿಯ ಬೆಳಕಿನ ಕಡೆ ಹೋಗುತ್ತಿದ್ದೆ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅವನಿಗೆ ಇಡೀ ಬೀದಿ, ನನಗೆ ಗುಂಡಿಗೆ ಕಾಜಾ ಹೊಲಿಯುವ ಕೆಲಸ ಎಂದುಕೊಳ್ಳುತ್ತಿದ್ದೆ. ನೀನು ಖುಷಿಯಾಗಿದ್ದೀಯೆಂದು ನಾನು ತಿಳಿದಿದ್ದೆ. ನೀನು ನನ್ನನ್ನು ಒಳಗಿದ್ದಾಳೆಂದು ತಿಳಿದಿದ್ದೆ. ಅಮ್ಮ ಇಬ್ಬರೂ ಕ್ಷೇಮ ಎಂದು ತಿಳಿದಿದ್ದಳು. ಎಷ್ಟು ಜಾಣರ ಸಂಸಾರ!

ಇನ್ನೊಂದು ಮಾತು. ಅಮ್ಮ ಟವೆಲ್ ತೆಗೆಯುವುದನ್ನು ಮರೆತಳು ಎಂದು ಬರೆದಿದ್ದೀಯ. ಮರೆಯಲಿಲ್ಲ. ಮಾರನೆಯ ಬೆಳಗ್ಗೆ ನಾನು ಹೋದಾಗ ಕಿಟಕಿಯ ಕೆಳಗೇ ಗೋಡೆಗೊರಗಿ ಕೂತಿದ್ದಳು. ಬಲಗೈಯನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಮೊದಲು ಹೇಳಿದ್ದು ಇದು: "ಕೈ ಎತ್ತೋಕೆ ಆಗ್ಲಿಲ್ಲ ಕಣೇ. ಟವೆಲ್ ತೆಗಿ ಬೇಗ. ಅವನೆಲ್ಲಿ?" ಎರಡನೆಯದು: "ಬಚ್ಚಲಲ್ಲಿ ಜಾರಿಬಿದ್ದೆ ಅಂತ ಹೇಳು." ಅಪ್ಪನೇ ಆಟೋ ತಂದು ಆಸ್ಪತ್ರೆಗೆ ಕರೆದೊಯ್ದರು. ದಾರಿಯುದ್ದಕ್ಕೂ "ನೋಡ್ಕೊಂಡು ನಡೀಬೇಕು" ಎಂದು ಬುದ್ಧಿ ಹೇಳಿದರು. ನೀನು ಮಧ್ಯಾಹ್ನ ಬಂದೆ, ಯಾರನ್ನೂ ಮಾತಾಡಿಸಲಿಲ್ಲ. ಕೈಯ ಪಟ್ಟಿ ಏಕೆಂದು ನೀನು ಕೇಳಲೂ ಇಲ್ಲ. ಕೇಳಿದವರಿಗೆಲ್ಲ ನಾನು ಬಚ್ಚಲಿನ ಕಥೆಯನ್ನು ಗಿಣಿಯ ಹಾಗೆ ಒಪ್ಪಿಸಿದೆ. ಅಲ್ಲಿಗೆ ಮುಗಿಯಿತು.

ಈಗ ನನ್ನದೊಂದು ಪ್ರಶ್ನೆ. ಪೆರೋಲ್ ಸಿಕ್ಕಾಗ ಏಕೆ ಬರಲಿಲ್ಲ? ನಾನು ರಜೆ ಹಾಕಿದ್ದೆ. ಮಂಚ ಜರುಗಿಸಿ ನಿನಗೆ ಜಾಗ ಮಾಡಿದ್ದೆ. ನಿಮ್ಮ ಭಾವನವರು, ಆ ಮೀಟರ್ ಓದುವವರು, ಬೆಳಗ್ಗೆಯೇ ನಿನ್ನ ಹಳೆಯ ಫೋಟೋ ಹಿಡಿದು ಬಸ್ ನಿಲ್ದಾಣಕ್ಕೆ ಹೋಗಿ ಕಾದು ಕಾದು ಬಂದರು. ಸಂಜೆಯಾಯಿತು, ನೀನಿಲ್ಲ. ಮೂರನೆಯ ದಿನ ಅವರು ಮಂಚವನ್ನು ಹಳೆಯ ಜಾಗಕ್ಕೆ ಎಳೆಯುತ್ತ, "ಅವನಿಗೆ ಮನೆ ಬೇಡ ಕಣೇ, ಬೀದಿ ಬೇಕು" ಎಂದರು. ನಾನು ಮಂಚದ ಇನ್ನೊಂದು ತುದಿ ಹಿಡಿದೆ.

ಬರುವುದಿಲ್ಲವೆಂದಿದ್ದರೆ ಒಂದು ಮಾತು ಬರೆಯಬಹುದಿತ್ತು. ನನಗೆ ದಣಿವಾಗಿದೆ ತಮ್ಮ. ಸಿಟ್ಟಲ್ಲ. ಸಿಟ್ಟಾಗಿದ್ದರೆ ಇಷ್ಟು ಹೊತ್ತಿಗೆ ಇಳಿದಿರುತ್ತಿತ್ತು.

ಅಕ್ಕ

*

ಮೇ 30

ಅಕ್ಕ,

ಉತ್ತರ ತಡವಾಯಿತು. ಬರೆದದ್ದನ್ನೆಲ್ಲ ಹರಿದೆ.

ಅಮ್ಮನ ಕೈಗೆ ಹಾಗಾದದ್ದು ಆ ರಾತ್ರಿಯೇ ಎಂದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅವಳ ಮೇಲೆ ಒಂದು ಸಣ್ಣ ಕೋಪ ಇಟ್ಟುಕೊಂಡಿದ್ದೆ. ಜೇಬಿನಲ್ಲಿ ಮೊಳೆ ಇಟ್ಟುಕೊಂಡ ಹಾಗೆ. ಕೂತಾಗ ಚುಚ್ಚುತ್ತಿತ್ತು, ಆದರೂ ಎಸೆದಿರಲಿಲ್ಲ. ಈಗ ಅದನ್ನು ಎಲ್ಲಿಡಲಿ?

ನಿನ್ನ ಪ್ರಶ್ನೆಗೆ ಉತ್ತರ. ನಾನು ಬಂದಿದ್ದೆ.

ನಿಲ್ದಾಣದಲ್ಲಿ ಗುರುತಿನವರು ಸಿಕ್ಕಾರೆಂದು ಒಂದು ಸ್ಟಾಪ್ ಮುಂಚೆಯೇ ಇಳಿದು ನಡೆದುಕೊಂಡು ಬಂದೆ. ನೀನು ಬರೆದ ಗುರುತೆಲ್ಲ ಸರಿಯಿತ್ತು. ಎದುರಿಗೆ ಟೀ ಅಂಗಡಿ, ಪಕ್ಕದಲ್ಲಿ ಸೈಕಲ್ ರಿಪೇರಿ, ಹಸಿರು ಬಾಗಿಲು, ಬಾಗಿಲ ಪಕ್ಕದಲ್ಲೇ ಕಿಟಕಿ. ಕಿಟಕಿಗೆ ಟವೆಲ್ ಹಾಕಿತ್ತು.

ಬೀದಿಯ ಈಚೆ ಕಡೆ ಸ್ವಲ್ಪ ಹೊತ್ತು ನಿಂತೆ. ತೆಗೆಯುತ್ತೀಯೇನೋ ಎಂದು ನೋಡಿದೆ. ತೆಗೆಯಲಿಲ್ಲ.

ಅಕ್ಕ ಬಾಯಿಬಿಟ್ಟು ಬರಬೇಡ ಎನ್ನಲಾರಳು, ಅಮ್ಮನ ಹಾಗೆಯೇ ಹೇಳಿದ್ದಾಳೆ ಎಂದುಕೊಂಡೆ. ಹೋದೆ. ಎಲ್ಲಿಗೆ ಎಂದು ಕೇಳಬೇಡ, ನನಗೆ ಗೊತ್ತಿದ್ದದ್ದು ಇನ್ನೊಂದೇ ಜಾಗ. ಗುಜರಿ ಮಾವ "ಹಸಿವಾ?" ಎಂದ.

ತಮ್ಮ

*

ಜೂನ್ 4

ಮರಿ,

ನಿನ್ನ ಕಾಗದ ಈಗಷ್ಟೇ ಬಂತು. ಹಬೆಯ ಯಂತ್ರದ ಪಕ್ಕ ಓದಿದೆ. ಕಣ್ಣು ಒದ್ದೆಯಾದರೆ ಇಲ್ಲಿ ಯಾರೂ ಕೇಳುವುದಿಲ್ಲ. ಎಲ್ಲವೂ ಒದ್ದೆಯೇ.

ಕೇಳು. ಮದುವೆಯಾದಾಗಿನಿಂದ ನಾನು ಕಿಟಕಿಗೆ ಟವೆಲ್ ಹಾಕಿದವಳಲ್ಲ. ಕುರ್ಚಿಯ ಬೆನ್ನಿಗೆ ಹಾಕುತ್ತೇನೆ, ಬಾಗಿಲ ಮೇಲೆ ಹಾಕುತ್ತೇನೆ, ಜಾಗವಿಲ್ಲದಿದ್ದರೆ ಒದ್ದೆಯನ್ನೇ ಮಡಚಿಡುತ್ತೇನೆ. ನಿಮ್ಮ ಭಾವನವರು ಹಾಕಿದರೆ ತಕ್ಷಣ ತೆಗೆಯುತ್ತೇನೆ. "ಬಿಸಿಲಿರೋದು ಅಲ್ಲಿ, ಒಣಗೋದು ಅಲ್ಲಿ, ನಿನ್ನದೇನೇ ಕಾನೂನು?" ಎನ್ನುತ್ತಾರೆ. "ಚೆನ್ನಾಗಿ ಕಾಣಲ್ಲ" ಎನ್ನುತ್ತೇನೆ. ಅವರಿಗೆ ನಾನು ಹೇಳಿಯೇ ಇಲ್ಲ ಮರಿ. ಅಪ್ಪ ಡಿಪೋದಲ್ಲಿದ್ದರು, ಒಳ್ಳೆಯ ಮನುಷ್ಯ, ಅಷ್ಟೆ. ಡಿಪೋದವರು ಹೇಳಿದ್ದನ್ನೇ ಹೇಳಿದ್ದೆ.

ಆ ದಿನ ಅವರು ನಿಲ್ದಾಣದಲ್ಲಿ ಕಾದು, ಬೆವರಿ ಬಂದು, ನೀನು ಮುಂದಿನ ಬಸ್ಸಿಗೆ ಬರಬಹುದೆಂದು ಇನ್ನೊಮ್ಮೆ ಸ್ನಾನ ಮಾಡಿದರು. ಭಾಮೈದನ ಮುಂದೆ ನೀಟಾಗಿ ಕಾಣಬೇಕಂತೆ. ನಾನು ನಿನಗೆಂದು ಸಾಮಾನು ತರಲು ಅಂಗಡಿಗೆ ಹೋಗಿದ್ದೆ. ಅಷ್ಟರಲ್ಲಿ ಅವರು ಟವೆಲ್ಲನ್ನು ಬಿಸಿಲಿಗೆ ಹಾಕಿದ್ದಾರೆ. ನಾನು ಮರಳಿ ಬಂದವಳೇ ಅದನ್ನು ತೆಗೆದೆ. ಆದರೆ ಅದು ಇದ್ದ ಹೊತ್ತಿನಲ್ಲೇ ನೀನು ಬಂದು ಹೋಗಿದ್ದೀಯೆಂದು ಹೊಳೆಯಲೇ ಇಲ್ಲ.

ನಿನಗಾಗಿ ಮಾಡಿದ ಸ್ನಾನದ ಟವೆಲ್ ನೋಡಿ ನೀನು ತಿರುಗಿ ಹೋದೆ.

ನಿನ್ನೆ ಬರೆದದ್ದು ಮೇಲಿನದು. ಇದು ಇವತ್ತಿನದು. ನಿನ್ನೆಯೇ ಮನೆಗೆ ಹೋಗಿ ಅವರನ್ನು ಕೂರಿಸಿ ಎಲ್ಲವನ್ನೂ ಹೇಳಿದೆ. ಪಟ್ಟೆ ಟವೆಲ್, ಹೊಲಿಗೆ ಅತ್ತೆ, ಅಮ್ಮನ ಕೈ, ನಿನ್ನ ಗುಜರಿ ಮಾವ. ಆಮೇಲೆ, "ಇಷ್ಟು ವರ್ಷ ಟವೆಲ್ ತೆಗೀತಿದ್ದೆಯಲ್ಲ, ಶಿಸ್ತು ಅಂದ್ಕೊಂಡಿದ್ದೆ ಕಣೇ" ಎಂದರು.

"ನಾನೂ ಹಾಗೇ ಅಂದ್ಕೊಂಡಿದ್ದೆ" ಎಂದೆ.

"ನನಗೆ ಒಂದು ಮಾತು ಹೇಳಬಾರದಿತ್ತಾ? ನಾನೇನು ನಿಮ್ಮಪ್ಪನಾ?"

ಅವರ ದನಿ ಒಂದಿಷ್ಟೂ ಏರಿರಲಿಲ್ಲ, ಆದರೂ ನನ್ನ ಕಣ್ಣು ಕಿಟಕಿಯ ಕಡೆಗೇ ಹೋಯಿತು. ಅದನ್ನೂ ನೋಡಿದರು. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು, ಅಂಗಿಯ ತೋಳಿಗೇ ಒರೆಸಿಕೊಂಡರು. ಟವೆಲ್ ಮುಟ್ಟಲೂ ಹೆದರಿದಂತಿತ್ತು ಪಾಪ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮಲಗುವ ಮುಂಚೆ ಹೇಳಿದರು: "ನಾನೂ ಅವನೂ ಮನೆಮನೆ ಹೊಕ್ಕವರೇ ಬಿಡು, ನನ್ನ ಕೊರಳಲ್ಲಿ ಗುರುತಿನ ಚೀಟಿ ಇತ್ತು. ಅವನಿಗೆ ಬರೋಕೆ ಹೇಳು. ನನ್ನ ರೇಜರ್ ಮಾತ್ರ ಮುಟ್ಟಬಾರದು." ಹಿಂದಿನ ಬೀದಿಯ ಪೀಠೋಪಕರಣದ ಅಂಗಡಿಯವರನ್ನು ನಿನಗೊಂದು ಕೆಲಸಕ್ಕಾಗಿ ಕೇಳಿ ನೋಡುತ್ತಾರಂತೆ. ನೀನು ಎಲ್ಲಿಂದ ಬರುತ್ತೀಯೆಂದು ಹೇಳಿಯೇ ಕೇಳುತ್ತಾರಂತೆ. ಮುಚ್ಚಿಟ್ಟು ಆದದ್ದು ಸಾಕು ಎಂದರು. ಅದು ನನಗೆ ಹೇಳಿದ ಮಾತು.

ವಿಳಾಸ ಕೇಳಿದರೆ ನಮ್ಮದನ್ನೇ ಕೊಡು. ಇನ್ನು ಮುಂದೆ ಮನೆಗೇ ಬರೆ, ಲಾಂಡ್ರಿಗೆ ಬೇಡ.

ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನೀನು ಬರುವ ದಿನ ಕಿಟಕಿ ಖಾಲಿ ಇರುತ್ತದೆಂದು ನಾನು ಭಾಷೆ ಕೊಡುವುದಿಲ್ಲ. ಅವರು ಮರೆಯಬಹುದು. ಮನೆಗೆ ಬಂದ ಯಾರೋ ಹಾಕಬಹುದು. ನಾನು ಎಷ್ಟು ದಿನ ಕಿಟಕಿ ಕಾಯಲಿ? ಲೋಕದಲ್ಲಿ ಟವೆಲ್‌ಗಳು ಒಣಗುತ್ತಲೇ ಇರುತ್ತವೆ. ದಿನಕ್ಕೆಷ್ಟು ಎಂದು ನನ್ನನ್ನು ಕೇಳು. ಅವು ಏನನ್ನೂ ಹೇಳುವುದಿಲ್ಲ. ನೀನು ಅವನ್ನು ದಾಟಿ ಬರಬೇಕು. ನಾನೂ ದಾಟಬೇಕು. ನನಗೂ ಇನ್ನೂ ಆಗಿಲ್ಲ.

ಆ ಮುದುಕಿ ಬದುಕಿದ್ದಾಳಾ? ವಿಚಾರಿಸು.

ನಿನ್ನ ಸಾಲು ಬಾಕಿಯಿತ್ತು. ತಲೆಗೆ ಮೊಟಕು ಬೇಡ, ತಗೋ:

ಬಾಗಿಲಾಚೆ ನಿಂತವನಿಗೆ ಬಾನೇ ಮಾಳಿಗೆ,
ಒಳಗೆ ಬಂದು ಕೂತ ಮೇಲೆ ಮಾತು ನಾಳೆಗೆ.

ನಿನ್ನ ಅಕ್ಕ

*

ಜುಲೈ 10

ಅಕ್ಕನಿಗೆ, ಭಾವನವರಿಗೆ ನಮಸ್ಕಾರಗಳು.

ಪ್ರಾಸ ಪಾಸು. ಮೊಟಕು ಮಾಫಿ.

ಕಾಗದವನ್ನು ಪ್ರಶ್ನೆಪತ್ರಿಕೆಗೆ ಓದಿ ಹೇಳಿದೆ, ಒಂದು ಸಾಲನ್ನೂ ಬಿಡದೆ. ಎಲ್ಲ ಕೇಳಿ ಅವರು, "ಹಾಗಾದ್ರೆ ನಿಮಗೆ ತೆರೆದದ್ದು ಗುಜರಿ ಅಂಗಡಿ, ಅವರಿಗೆ ತೆರೆದದ್ದು ಹೊಲಿಗೆ ಕೋಣೆ" ಎಂದರು. "ಹೌದು ಮೇಡಂ. ಅತ್ತೆಗೆ ಇನ್ನೊಂದು ಕೋಣೆ ಇದ್ದಿದ್ರೆ ನಾನೂ ಟೈಲರ್ ಆಗ್ತಿದ್ದೆ" ಎಂದೆ. ಸ್ವಲ್ಪ ನಕ್ಕರು. ನನ್ನ ಜೀವಮಾನದ ಸಾಧನೆ. ಆಮೇಲೆ ಯಥಾಪ್ರಕಾರ ಕೇಳಿದರು: "ಆ ಮುದುಕಿಗೆ ತೆರೆದದ್ದು ಯಾವ ಬಾಗಿಲು?" ಅಲ್ಲಿಗೆ ನನ್ನ ನಗು ನಿಂತಿತು.

ವಿಚಾರಿಸಿದೆ. ಬದುಕಿದ್ದಾಳೆ. ಕೋಲು ಹಿಡಿದು ನಡೆಯುತ್ತಾಳಂತೆ. ಮಗಳ ಮನೆಗೆ ಹೋಗಿಬಿಟ್ಟಿದ್ದಾಳೆ, ಆ ಮನೆಯಲ್ಲಿ ಒಬ್ಬಳೇ ಮಲಗಲು ಹೆದರಿಕೆಯಂತೆ. ಅಕ್ಕ, ನಾನು ಒಬ್ಬರನ್ನು ಅವರ ಮನೆಯಿಂದಲೇ ಹೊರಗೆ ಹಾಕಿದೆ. ಟವೆಲ್ ಇಲ್ಲದೆಯೇ.

ನಿಮ್ಮ ವಿಳಾಸವನ್ನು ಇನ್ನೂ ಕೊಟ್ಟಿಲ್ಲ. ಕೊನೆಯ ದಿನ ಕೊಟ್ಟರೂ ಆಗುತ್ತದಂತೆ. ಬರುತ್ತೇನೆ ಎಂದು ಬರೆಯಲು ಕೂರುತ್ತೇನೆ, ಕೈ ಓಡುವುದಿಲ್ಲ. ಒಮ್ಮೆ ಬರೆದು ಬರಲಿಲ್ಲವಲ್ಲ. ಯಾರದೋ ಮನೆಗೆ ಬಾಗಿಲಿನಿಂದ ಹೋಗಿ ಅಭ್ಯಾಸವೂ ಇಲ್ಲ. ಬಾಗಿಲು ತಟ್ಟಿ, ಒಳಗಿಂದ "ಯಾರು?" ಎಂದರೆ ಏನು ಹೇಳಬೇಕು? ಹೆಸರು ಹೇಳುವುದಾ, ತಮ್ಮ ಎನ್ನುವುದಾ? ನಗಬೇಡ.

ಗುಜರಿ ಮಾವನ ಗಾಡಿ ಗೇಟಿಗೆ ಬರುವುದಂತೂ ಗ್ಯಾರಂಟಿ. ಅವನು ಮಾತು ತಪ್ಪುವವನಲ್ಲ, ಅದೇ ತೊಂದರೆ.

ಬಿಡುಗಡೆ ಆಗಸ್ಟ್ 9ಕ್ಕೆ. ನಿಲ್ದಾಣಕ್ಕೆ ಯಾರೂ ಬರಬೇಡಿ. ಕಾಯಬೇಡಿ. ಮಂಚ ಜರುಗಿಸಬೇಡಿ.

ತಮ್ಮ

*

ಜುಲೈ 21

ಮರಿ,

ಭಾವನವರು ಮಂಚ ಆಗಲೇ ಜರುಗಿಸಿಯಾಯಿತು. ನಾನು ಬೇಡವೆಂದರೂ ಕೇಳಲಿಲ್ಲ. ಇನ್ನೊಂದು ತುದಿ ಹಿಡಿದೆ.

"ಯಾರು?" ಎಂದರೆ "ನಾನು" ಎನ್ನು. ಮನೆಯವರು ಹಾಗೇ ಹೇಳುವುದು.

ಅಕ್ಕ

*

ಆಗಸ್ಟ್ 9

ಅಕ್ಕ,

ಇದನ್ನು ನಿಮ್ಮ ಎದುರಿನ ಟೀ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಕಾಗದ ಅಂಗಡಿಯವನದು. "ಎದುರಿಗೇ ಮನೆ ಅಂತೀರಿ, ಕಾಗದ ಬೇರೆ ಬರೀತೀರಿ, ಏನು ಸಾರ್, ಜಗಳನಾ?" ಎನ್ನುತ್ತಿದ್ದಾನೆ. ಹಳೆಯ ಅಭ್ಯಾಸ ಎಂದೆ.

ಗೇಟಿನಲ್ಲಿ ಗುಜರಿ ಮಾವನ ಗಾಡಿ ನಿಂತಿತ್ತು. ಅವನೇ ಬಂದಿದ್ದ. ಮುದುಕನಾಗಿದ್ದಾನೆ, ಹಲ್ಲಿಲ್ಲ, ಆದರೂ ಮೊದಲು ಕೇಳಿದ್ದು ಅದನ್ನೇ: "ಹಸಿವಾ ಸೊಳ್ಳೆ?" ಹಸಿವಿತ್ತು. ಸುಳ್ಳೇಕೆ ಹೇಳಲಿ, ಕಣ್ಣಲ್ಲಿ ನೀರು ಬಂತು. ಅಕ್ಕನ ಮನೆಯ ಹತ್ತಿರ ಬಿಡು ಎಂದೆ. ಬಿಟ್ಟಿದ್ದಾನೆ. "ಟೀ ಕುಡಿ, ನಾನಿಲ್ಲೇ ಇರ್ತೀನಿ. ಅಲ್ಲಿ ಸರಿಹೋಗ್ಲಿಲ್ಲ ಅಂದ್ರೆ ಬಾ" ಎಂದು ಸೈಕಲ್ ರಿಪೇರಿಯವನ ಮುಂದೆ ಗಾಡಿ ನಿಲ್ಲಿಸಿಕೊಂಡು ಕೂತಿದ್ದಾನೆ. ಇಂಜಿನ್ ಆರಿಸಿಲ್ಲ.

ನಿಮ್ಮ ಕಿಟಕಿಯಲ್ಲಿ ಟವೆಲ್ ಇದೆ. ಕೆಂಪು ಅಂಚಿನದು.

ನಾನು ಕೂತಾಗಿನಿಂದ ಅದನ್ನೇ ನೋಡುತ್ತಿದ್ದೇನೆ. ಟೀ ತಣ್ಣಗಾಯಿತು, ಇನ್ನೊಂದು ತರಿಸಿದೆ, ಅದೂ ತಣ್ಣಗಾಯಿತು. ನೀನು ಬರೆದದ್ದೆಲ್ಲ ನೆನಪಿದೆ. ಟವೆಲ್ ಏನನ್ನೂ ಹೇಳುವುದಿಲ್ಲ ಎಂದು ಬಾಯಲ್ಲಿ ಹೇಳಿಕೊಳ್ಳುತ್ತೇನೆ. ಬಾಯಿ ಕೇಳುತ್ತದೆ, ಕಾಲು ಕೇಳುವುದಿಲ್ಲ. ಈ ವಯಸ್ಸಿನಲ್ಲಿ ಒಂದು ಬಟ್ಟೆಯ ತುಂಡಿಗೆ ಹೆದರುವವನು ಎಂದರೆ ಕಳ್ಳರ ಜಾತಿಗೇ ಅವಮಾನ.

ಈಗಷ್ಟೇ ಭಾವನವರು ಬಾಗಿಲು ತೆಗೆದು ಬೀದಿಯ ಆ ಕಡೆ ಈ ಕಡೆ ನೋಡಿದರು. ಮುಖ ನಾನು ಎಂದೂ ನೋಡಿಲ್ಲ, ಆದರೂ ಅವರೇ. ಅಂಗಿ ಇಸ್ತ್ರಿ ಮಾಡಿದೆ, ತಲೆ ಇನ್ನೂ ಒದ್ದೆಯಿದೆ. ನನ್ನನ್ನು ಗುರುತು ಹಿಡಿಯಲಿಲ್ಲ. ಒಳಗೆ ಹೋದರು. ಬಾಗಿಲನ್ನು ಹಾಕಲಿಲ್ಲ.

ಮಾವನ ಕಡೆ ನೋಡಿ ಹೋಗು ಎಂದು ಕೈ ಮಾಡಿದೆ. ಅವನಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಮಾಡಿದೆ. ಬಹಳ ಹೊತ್ತು ನೋಡಿ, ತಲೆಯಾಡಿಸಿ, ಗಾಡಿ ತಿರುಗಿಸಿದ. ನನಗೆಂದು ತಂದಿದ್ದ ಬನ್ನಿನ ಪೊಟ್ಟಣವನ್ನು ಸೈಕಲ್ ರಿಪೇರಿಯವನ ಕೈಯಲ್ಲಿಟ್ಟು ಹೋದ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ಕೈಯಲ್ಲೇ ತರುತ್ತೇನೆ. ಬಾಯಿ ಕಟ್ಟಿದರೆ ಇದನ್ನೇ ಕೊಡುತ್ತೇನೆ, ಓದಿಕೋ.

ಟವೆಲ್ ಒಣಗಿದೆ ಅಕ್ಕ. ಬರುವಾಗ ತೆಗೆದುಕೊಂಡೇ ಬರುತ್ತೇನೆ. ಕಳ್ಳತನ ಎನ್ನಬೇಡ.

ನಾನು